ಇದು ಯಾವ ಅಲಂಕಾರ?

ಮಗುವಿಗೆ ಕೈತುತ್ತು ಉಣಿಸುವ ತಾಯಿಯ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ಸಂಗತಿ ಹೊಳೆಯದಿರದು. ಮುದ್ದು, ಚಿನ್ನ, ಬಂಗಾರ ಎಂಬ ಕರೆಗಳು ಎಷ್ಟಿದ್ದರೂ, ತುತ್ತು ನುಂಗಿದ ಮಗುವಿಗೆ ಆಕೆ ಕೊಡುವ ಬಿರುದು ಮಾತ್ರ ಒಂದೇ: “ನನ್ನ ಜಾಣೆ!” ತೊದಲು ನುಡಿದರೂ ಜಾಣೆ, ತಪ್ಪುಹೆಜ್ಜೆಯಿಟ್ಟು ನಡೆದರೂ ಜಾಣೆ. ಅದೇ ಮನೆಯಲ್ಲಿ ಅದೇ ಮಗಳು ಇಪ್ಪತ್ತನ್ನು ದಾಟಿ ವರಾನ್ವೇಷಣೆಯ ಮಾತು ಮೊದಲಾಯಿತೆಂದರೆ, ಬಂಧುಗಳ ಮೊದಲ ಪ್ರಶ್ನೆಯೇ ಬೇರೆ: “ಹುಡುಗಿ ನೋಡೋದಕ್ಕೆ ಹೇಗಿದ್ದಾಳೆ? ಬಣ್ಣ ಹೇಗೆ?” ಹಿಂದೆ ಭಾವಚಿತ್ರವು ಲಕೋಟೆಯಲ್ಲಿ ಹೋಗುತ್ತಿತ್ತು, ಇಂದು ಮೊಬೈಲಿನಲ್ಲಿ, ಅದೂ ಮೈಬಣ್ಣವನ್ನು ಎರಡು ಪಟ್ಟು ತಿಳಿಗೊಳಿಸಿಕೊಂಡು ಹೋಗುತ್ತದೆ. ಮೂರು ವರ್ಷದಲ್ಲಿ ಜಾಣೆಯಾಗಿದ್ದವಳು ಇಪ್ಪತ್ತಮೂರರಲ್ಲಿ ಬರಿಯ ಬಣ್ಣವಾದುದು ಯಾವಾಗ, ಯಾರ ಕೈಯಲ್ಲಿ? ಈ ಪಲ್ಲಟದಲ್ಲಿ ಶಾಲೆಗೂ ಪಾಲುಂಟೆಂದು ನನ್ನ ನಂಬಿಕೆ. ನನಗಂತೂ ಪಾಲುಂಟು. ಅದನ್ನು ಮೊದಲು ಅರಿಕೆಮಾಡಿಕೊಂಡೇ ಮುಂದಿನ ಮಾತನ್ನಾಡುವುದು ಧರ್ಮ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಪಾಠ ಹೇಳುತ್ತಿದ್ದ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಪೂಜ್ಯರು ಬಿಜಯಂಗೈಯುವವರಿದ್ದರು. ಪೂರ್ಣಕುಂಭ ಹೊತ್ತು ಸ್ವಾಗತಿಸಲು ಒಂಬತ್ತನೆಯ ತರಗತಿಯಿಂದ ಐವರು ಬಾಲಕಿಯರನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ನಾನು ಸಾಲಿನ ಮುಂದೆ ನಡೆಯುತ್ತ ಕಣ್ಣಿಗೆ ಬೆಳ್ಳಗೆ, ಲಕ್ಷಣವಾಗಿ ಕಂಡವರನ್ನು ಬೆರಳು ಮಾಡಿ ಮುಂದಕ್ಕೆ ಕರೆದೆ. ಏಕೆಂದು ಆಲೋಚಿಸಲಿಲ್ಲ; ಎಲ್ಲೆಡೆಯೂ ಹಾಗೆಯೇ ನಡೆಯುತ್ತಿತ್ತು. ಆಗ ಹಿಂದಿನ ಸಾಲಿನ ಕಪ್ಪುಬಣ್ಣದ, ಸಣಕಲು ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು: “ಸಾರ್, ಶಬ್ದಾಲಂಕಾರಕ್ಕಿಂತ ಅರ್ಥಾಲಂಕಾರ ದೊಡ್ಡದು ಅಂತ ನಿನ್ನೆ ಪಾಠದಲ್ಲಿ ಹೇಳಿದ್ರಿ. ಇವತ್ತು ಬಣ್ಣ ನೋಡಿ ಆರಿಸ್ತಿದೀರಲ್ಲ, ಇದು ಯಾವ ಅಲಂಕಾರ?”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೂ ನಗು ಬಂದಿತ್ತು. ಆದರೆ ಪಂಡಿತನ ಗತ್ತು ಅಡ್ಡಬಂದಿತು. “ಅಧಿಕಪ್ರಸಂಗ ಬೇಡ, ಕೂತ್ಕೋ” ಎಂದು ಗದರಿಸಿ, ಆಕೆಯನ್ನು ಪ್ರಾರ್ಥನೆ ಹಾಡುವವರ ಕೊನೆಯ ಸಾಲಿಗೆ ಅಟ್ಟಿದೆ. ಉತ್ಸವ ಸಾಂಗವಾಗಿ ನೆರವೇರಿತು. ಇಂದು ಕಣ್ಮುಚ್ಚಿ ನೆನೆದರೆ ಕುಂಭ ಹೊತ್ತ ಐವರಲ್ಲಿ ಒಬ್ಬಳ ಮುಖವೂ ಸ್ಮರಣೆಗೆ ಬಾರದು. ಆ ಹುಡುಗಿಯ ಮುಖವೋ, ಅವಳು ಪ್ರಶ್ನೆ ಕೇಳಿ ಮುಗಿಸಿದಾಗ ಕಣ್ಣಿನಲ್ಲಿ ಆಡಿದ ಮಿಂಚಿನ ಸಹಿತ, ನಿನ್ನೆ ಕಂಡಂತಿದೆ. ಕಣ್ಣು ಆರಿಸಿದ್ದನ್ನು ಮನಸ್ಸು ಇಟ್ಟುಕೊಳ್ಳಲಿಲ್ಲ.

ಇದು ನನ್ನೊಬ್ಬನ ಅನುಭವವಿರಲಾರದು. ನಮ್ಮ ಕೋಲಾರ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತಾಡುತ್ತವೆ. ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಅಜ್ಜಿಯರು ಎರಡು ಭಾಷೆಗಳಲ್ಲಿಯೂ ತೆನಾಲಿ ರಾಮಕೃಷ್ಣನ ಕತೆ ಹೇಳಿದ್ದಾರೆ. ಅವನು ನೋಡಲು ಹೇಗಿದ್ದನೆಂದು ಯಾವ ಮಗುವಾದರೂ ಕೇಳಿದ್ದುಂಟೆ? ಅವನನ್ನು ಜನ ಕರೆದದ್ದು ವಿಕಟಕವಿಯೆಂದು. ವಿಕಟವೆಂದರೆ ವಿಕಾರವಾದದ್ದು, ಸೊಟ್ಟಗಿರುವುದು. ಆ ಪದವನ್ನು ಹಿಂದುಮುಂದಾಗಿ ಓದಿದರೂ ವಿಕಟಕವಿಯೇ. ಎತ್ತ ತಿರುಗಿಸಿದರೂ ಕೆಡದ ಸೊಗಸು ಮುಖದ್ದಲ್ಲ, ಮತಿಯದು ಎಂಬುದನ್ನು ಆ ಹೆಸರೇ ಸಾರುತ್ತಿದೆ.

ನಮ್ಮ ಆಲಂಕಾರಿಕರು ಇಂತಹ ಗುಣಕ್ಕೆ ವೈದಗ್ಧ್ಯವೆಂಬ ಹೆಸರಿಟ್ಟರು. ವಿದಗ್ಧನೆಂದರೆ ಚತುರ, ರಸಿಕ, ಮಾತಿನ ಮರ್ಮ ಬಲ್ಲವನು. ಧಾತುವನ್ನು ಹಿಡಿದು ಹೋದರೆ ಸುಡುವುದು, ಬೇಯುವುದು ಎಂಬ ಅರ್ಥ ದೊರೆಯುತ್ತದೆ. ವಿದಗ್ಧನು ಹದವಾಗಿ ಬೆಂದವನು. ರೂಪವು ಹುಟ್ಟುವಾಗಲೇ ಬಂದದ್ದು, ಹಸಿಯಾಗಿಯೇ ಉಳಿಯುವುದು. ವೈದಗ್ಧ್ಯವು ಓದಿನಲ್ಲಿ, ಒಡನಾಟದಲ್ಲಿ, ಕಷ್ಟದಲ್ಲಿ ಬೆಂದು ಬರುವುದು. ಕಾಶ್ಮೀರದ ಕುಂತಕನು ಕಾವ್ಯಕ್ಕೆ ಜೀವಿತವೆಂದು ವಕ್ರೋಕ್ತಿಯನ್ನು ಹೇಳುವಾಗ ಅದಕ್ಕೆ ಈ ವೈದಗ್ಧ್ಯವನ್ನೇ ಆಧಾರವಾಗಿ ಹಿಡಿದನು.

ನಮ್ಮ ಜಿಲ್ಲೆಯ ಇಬ್ಬರು ಹಿರಿಯರು ಈ ವಿಷಯದಲ್ಲಿ ನಮಗೆ ದಾರಿ ತೋರಬಲ್ಲರು. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಜನಿಸಿ, 1983ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮ್ಮ ಬರವಣಿಗೆಯ ಆರಂಭಕಾಲದಲ್ಲಿಯೇ ‘ರಂಗನ ಮದುವೆ’ಯೆಂಬ ಕತೆ ಬರೆದರು. ಬೆಂಗಳೂರಿನಲ್ಲಿ ಓದಿಬಂದ ರಂಗ, ತಾನು ಮೆಚ್ಚುವಂಥವಳು ದೊರೆಯುವವರೆಗೆ ಮದುವೆಯೇ ಬೇಡವೆನ್ನುತ್ತಾನೆ. ಕತೆ ಹೇಳುವ ಶ್ಯಾಮ ಹೂಡುವ ಉಪಾಯವನ್ನು ಗಮನಿಸಿರಿ. ಅವನು ರತ್ನಳನ್ನು ಅಲಂಕರಿಸಿ ತಂದು ರಂಗನೆದುರಿಗೆ ಕೂರಿಸುವುದಿಲ್ಲ. ಆಕೆ ಒಳಗೆ ಹಾಡುತ್ತಿರುವ ಹೊತ್ತಿಗೆ ರಂಗನನ್ನು ಬರಮಾಡಿಕೊಳ್ಳುತ್ತಾನೆ. ಹಾಡು ನಿಂತುಹೋದೀತೆಂದು ರಂಗ ಹೊಸಲಲ್ಲಿಯೇ ನಿಲ್ಲುತ್ತಾನೆ. ಹಾಡುವವರಾರೆಂಬ ಕುತೂಹಲ ತಡೆಯಲಾರದೆ ಇಣುಕುತ್ತಾನೆ. ರತ್ನಳು ರೂಪವತಿಯೇ. ಆದರೆ ಕಿವಿ ಒಲಿದ ಮೇಲೆ ಕಣ್ಣಿನ ಸರದಿ. ಎಳೆಯ ಹುಡುಗಿಯರಿಗೆ ಮದುವೆ ಮಾಡುತ್ತಿದ್ದ ಆ ಕಾಲದ ರೂಢಿಯನ್ನು ಯಾರೂ ಇಂದು ಎತ್ತಿಹಿಡಿಯುವಂತಿಲ್ಲ. ಮೊದಲು ಕೇಳಿ ಆಮೇಲೆ ನೋಡು ಎಂಬ ಕ್ರಮ ಮಾತ್ರ ಇಂದಿಗೂ ಗ್ರಾಹ್ಯ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿಯೋ ಉಪ್ಪಿಟ್ಟು ಕೇಸರಿಭಾತುಗಳ ನಡುವೆ ಹುಡುಗಿಯನ್ನು ನೋಡಿ ಎದ್ದು ಬರುತ್ತಾರೆ. ಆಕೆಯ ಒಂದು ಅಭಿಪ್ರಾಯವನ್ನು ಕೇಳಿ ಬಂದವರು ಎಷ್ಟು ಜನ?

ಇನ್ನೊಬ್ಬರು 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಗುಂಡಪ್ಪನವರು. 1943ರಲ್ಲಿ ಪ್ರಕಟವಾದ ತಮ್ಮ ತತ್ತ್ವಕಾವ್ಯಕ್ಕೆ ಅವರು ಇಟ್ಟ ಹೆಸರು ‘ಮಂಕುತಿಮ್ಮನ ಕಗ್ಗ’. ಕನ್ನಡಿಗರ ಮನೆಮನೆಯ ವಿವೇಕಗ್ರಂಥಕ್ಕೆ ದಡ್ಡನ ಹೆಸರು! ಜಾಣ್ಮೆಗೆ ತನ್ನನ್ನೇ ನೋಡಿ ನಗುವ ಶಕ್ತಿಯುಂಟು. ರೂಪಗರ್ವಕ್ಕೆ ಅದು ಇಲ್ಲ. ಹಾಗೆಂದು ಡಿವಿಜಿಯವರು ಸೌಂದರ್ಯವಿರೋಧಿಗಳಲ್ಲ. ಬೇಲೂರಿನ ಶಿಲಾಬಾಲಿಕೆಯರನ್ನು ಕುರಿತು ‘ಅಂತಃಪುರಗೀತೆ’ಯನ್ನೇ ರಚಿಸಿದರು. ಅಲ್ಲಿಯೂ ಅವರು ಅಂಗಾಂಗಗಳ ಅಳತೆಯಲ್ಲಿ ತೃಪ್ತರಾಗದೆ, ಈಕೆಯ ಮನಸ್ಸಿನಲ್ಲೇನಿದೆ, ಈ ಭಂಗಿಗೆ ಯಾವ ಭಾವ ಕಾರಣವೆಂದು ಅರಸುತ್ತ ಹೋದರು. ಕಲ್ಲಿನ ಚೆಲುವೆಯಲ್ಲಿಯೂ ಒಳಗನ್ನು ಹುಡುಕಿದ ಜಿಲ್ಲೆ ನಮ್ಮದು. ಜೀವಂತ ಮಗುವಿನ ಒಳಗನ್ನು ಹುಡುಕಲು ನಮಗೆ ಪುರುಸೊತ್ತಿಲ್ಲವೆಂದರೆ ನಾಚಿಕೆಯಲ್ಲವೆ?

ಶರಣಪರಂಪರೆಯ ಮಡಿಲಲ್ಲಿ ಬೆಳೆದ ವಿದ್ಯಾಸಂಸ್ಥೆಯ ಬಳಗಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವೂ ಉಂಟು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯನ್ನು ಇಬ್ಬರು ಕಂಡರು. ಕೌಶಿಕನೆಂಬ ಅರಸು ಕಂಡದ್ದು ರೂಪವನ್ನು, ಕಂಡೊಡನೆ ಬೇಕೆಂದನು. ಕಲ್ಯಾಣದಲ್ಲಿ ಅಲ್ಲಮಪ್ರಭು ಪರೀಕ್ಷಿಸಿದ್ದು ಅರಿವನ್ನು. ‘ಶೂನ್ಯಸಂಪಾದನೆ’ ನಿರೂಪಿಸುವಂತೆ, ಪ್ರಭುವಿನ ಪ್ರಶ್ನೆಗಳು ಮೃದುವಾದವುಗಳಲ್ಲ. ಆಕೆ ಒಂದೊಂದಕ್ಕೂ ನಿಂತು ಉತ್ತರಕೊಟ್ಟಳು. ಸಭೆಯಲ್ಲಿದ್ದ ಹಿರಿಯ ಶರಣರು ತಲೆಬಾಗಿದ್ದು ಆ ಉತ್ತರಗಳಿಗೆ. ಅರಮನೆಯ ಕಣ್ಣಿಗೂ ಅನುಭವಮಂಟಪದ ಕಣ್ಣಿಗೂ ಇರುವ ಅಂತರವೇ ಇದು. ನಮ್ಮ ಶಾಲೆಗಳು ಯಾವ ಕಣ್ಣಿನಿಂದ ಮಕ್ಕಳನ್ನು ನೋಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಓದಿಸುವಾಗಲೆಲ್ಲ ನನಗೆ ಆ ಹುಡುಗಿ ನೆನಪಾಗುತ್ತಾಳೆ. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಗಾಯಕಿಯರು ಅರಸನನ್ನು ಹಾಡಿ ಮೆಚ್ಚಿಸಿ, ಬೆಳ್ಗೊಡೆಯನ್ನು ಬೇಡಿ, ಅದು ದೊರೆಯದಿರಲು ನೀನೇ ಪತಿಯಾಗೆನ್ನುತ್ತಾರೆ. ಕುಲದ ನೆಪವೊಡ್ಡಿ ಅರಸ ಒಲ್ಲೆನೆಂದಾಗ ಅವರು ಹೂಡುವ ವಾದ ಕನ್ನಡ ಕಾವ್ಯದ ಅತ್ಯುತ್ತಮ ಸಂವಾದಗಳಲ್ಲಿ ಒಂದು. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ತಟ್ಟದ ಹೊಲೆ ಮುಟ್ಟಿದ ಮೈಗೆ ಮಾತ್ರ ಹೇಗೆ ತಟ್ಟಿತೆಂಬುದು ಅವರ ಪ್ರಶ್ನೆಯ ತಿರುಳು. ಮುನಿ ಅವರಿಗೆ ಕೊಟ್ಟು ಕಳುಹಿದ್ದು ರೂಪವನ್ನು. ಓದುಗರ ಮನಸ್ಸಿನಲ್ಲಿ ಉಳಿದದ್ದು ಅವರ ತರ್ಕ. ಉತ್ತರ ತೋರದ ಅರಸ ಕೋಪಗೊಂಡು ಅವರನ್ನು ಅಟ್ಟುತ್ತಾನೆ. ಅವನ ಆ ಕೋಪಕ್ಕೂ ನನ್ನ “ಅಧಿಕಪ್ರಸಂಗ ಬೇಡ” ಎಂಬ ಗದರಿಕೆಗೂ ಗೋತ್ರ ಒಂದೇ.

ಇಲ್ಲಿ ಎರಡು ಆಕ್ಷೇಪಣೆಗಳು ಏಳಬಹುದು. ರೂಪದಂತೆ ಬುದ್ಧಿಯೂ ಹುಟ್ಟಿನ ಭಾಗ್ಯವಲ್ಲವೆ, ಒಂದರ ಬದಲು ಇನ್ನೊಂದನ್ನು ಪೂಜಿಸಿದರೆ ನ್ಯಾಯವೆಂತಾದೀತು ಎಂಬುದು ಮೊದಲನೆಯದು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಮೂಗಿನ ಆಕಾರವನ್ನು ಯಾವ ಉಪಾಧ್ಯಾಯನೂ ತಿದ್ದಲಾರ. ಮಾತನ್ನು, ಆಲೋಚನೆಯನ್ನು ತಿದ್ದಬಲ್ಲ. ತಿದ್ದಲು ಸಾಧ್ಯವಾದುದನ್ನು ಮೆಚ್ಚುವುದೇ ಶಾಲೆಯ ಕೆಲಸ. ಎರಡನೆಯದು, ಜಾಣತನ ಕುಹಕವಾಗುವುದಿಲ್ಲವೆ ಎಂಬುದು. ಆಗುತ್ತದೆ. ಬಡವನ ಅಂಗಿಯನ್ನೋ ಕುಂಟನ ನಡಿಗೆಯನ್ನೋ ಆಡಿಕೊಂಡು ನಗಿಸುವವನು ಕೂಡ ರೂಪದ ದಾಸನೇ. ಅವನ ಕಣ್ಣು ಹೊರಗಿನದನ್ನು ಬಿಟ್ಟು ಒಳಗೆ ಹೋಗಿಲ್ಲ. ಅದು ಅಪಹಾಸ್ಯ. ಹಾಸ್ಯವೆಂಬುದು ಎದುರಿಗಿರುವವನ ಮಾತನ್ನು ಪೂರ್ತಿ ಕೇಳಿಸಿಕೊಂಡವನಿಗೆ ಮಾತ್ರ ಸಿದ್ಧಿಸುತ್ತದೆ. ಆ ಬಾಲಕಿ ಹಿಂದಿನ ದಿನದ ಪಾಠವನ್ನು ಅಕ್ಷರಶಃ ಕೇಳಿಸಿಕೊಂಡಿದ್ದಳು. ಆದುದರಿಂದಲೇ ಅದನ್ನು ನನ್ನ ಮೇಲೆ ತಿರುಗಿಸಬಲ್ಲವಳಾದಳು. ರೂಪವು ನೋಡುವವರೆಲ್ಲರಿಗೂ ಒಂದೇ ಬಗೆ ಕಾಣುತ್ತದೆ. ಜಾಣ ಮಾತಾದರೋ ನಮಗಾಗಿಯೇ, ಆ ಗಳಿಗೆಯಲ್ಲಿಯೇ ಹುಟ್ಟುತ್ತದೆ. ಅದರ ಆಕರ್ಷಣೆಯ ಗುಟ್ಟು ಇದೇ ಇರಬೇಕು.

ಶ್ರೀನಿವಾಸಪುರದ ಮಾವಿನ ಮಂಡಿಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಹೆಗಲ ಮೇಲೆ ಕೆಂಪು ಮೂಡಿದ ಸೇಂದೂರದ ಬುಟ್ಟಿಯನ್ನು ಕಂಡು ಪರಸ್ಥಳದವನು ನಿಲ್ಲುತ್ತಾನೆ. ಊರವನು ಮಾಸಲು ಸಿಪ್ಪೆಯ ರಸಪುರಿಯನ್ನು ಮೂಸಿ ನೋಡಿ ಕೊಳ್ಳುತ್ತಾನೆ. ಕಾರ್ಬೈಡ್ ಹಾಕಿ ಬರಿಸಿದ ಬಣ್ಣ ಸಿಪ್ಪೆಯನ್ನು ದಾಟಿ ರುಚಿಗೆ ಇಳಿಯದೆಂಬುದು ಅವನಿಗೆ ಗೊತ್ತು. ಹಣ್ಣಿನಲ್ಲಿರುವ ನಮ್ಮ ವಿವೇಕ ಮಕ್ಕಳ ವಿಷಯದಲ್ಲಿಯೂ ಇರಬಾರದೆ?

ಆದುದರಿಂದ ಈ ಸಂಚಿಕೆಯ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟು. ಉಪಾಧ್ಯಾಯ ಮಿತ್ರರು ಇನ್ನು ಮುಂದೆ ಕುಂಭ ಹೊರಲು, ಹೂಗುಚ್ಛ ನೀಡಲು ಮಕ್ಕಳನ್ನು ಚೀಟಿಯೆತ್ತಿ ಆರಿಸಲಿ. ವೇದಿಕೆಯ ಮೇಲೆ ಮಾತನಾಡಲು ಚುರುಕು ಮಾತಿನವರನ್ನು ಹುಡುಕಿ ತರಲಿ. ಅಂದು ನಾನು ಆರಿಸಿದ ಐವರಿಗೂ ಅನ್ಯಾಯವೇ ಆಯಿತು. ಅವರ ಮನಸ್ಸಿನಲ್ಲೇನಿದೆಯೆಂದು ನಾನು ಒಂದು ಮಾತನ್ನೂ ಕೇಳಲಿಲ್ಲ. ಹಿರಿಯ ವಿದ್ಯಾರ್ಥಿಗಳು ಮಗನಿಗೆ ಹೆಣ್ಣು ನೋಡಹೋದಾಗ, ಮಗಳಿಗೆ ಗಂಡು ನೋಡಹೋದಾಗ, ಇಬ್ಬರಿಗೂ ಒಂದು ಗಂಟೆಯ ಮಾತಿಗೆ ಎಡೆಗೊಡಲಿ, ಹುಡುಗಿಯೂ ಪ್ರಶ್ನೆ ಕೇಳಲಿ. ದಾನಿಗಳಲ್ಲಿ ಒಂದು ವಿಶೇಷ ಪ್ರಾರ್ಥನೆ: ಹೆಚ್ಚು ಅಂಕ ಪಡೆದವರಿಗೆ ಶಾಲೆಗಳಲ್ಲಿ ದತ್ತಿ ಬಹುಮಾನಗಳು ಹಲವುಂಟು, ವರ್ಷದಲ್ಲಿ ಅತ್ಯುತ್ತಮ ಪ್ರಶ್ನೆ ಕೇಳಿದ ಮಗುವಿಗೆಂದು ಯಾರಾದರೂ ಒಂದು ದತ್ತಿಯನ್ನಿಡಿ. ಆ ಪ್ರಶ್ನೆ ಉಪಾಧ್ಯಾಯರಿಗೆ ಮುಜುಗರ ತರುವಂಥದಾದರೂ ಅಡ್ಡಿಯಿಲ್ಲವೆಂದು ನಿಯಮದಲ್ಲಿಯೇ ಬರೆಸಿರಿ.

ಕೊನೆಯದಾಗಿ, ಇಪ್ಪತ್ತು ವರ್ಷ ತಡವಾದರೂ ಆ ವಿದ್ಯಾರ್ಥಿನಿಗೆ ಸಲ್ಲಬೇಕಾದ ಉತ್ತರವನ್ನು ಇಲ್ಲಿ ಸಲ್ಲಿಸುತ್ತೇನೆ. ಈ ಪುಟ ಆಕೆಯ ಕಣ್ಣಿಗೆ ಬಿದ್ದರೆ ನಾನು ಧನ್ಯ. ಅಂದು ನಾನು ಮಾಡಿದ್ದು ಯಾವ ಅಲಂಕಾರವೂ ಅಲ್ಲ, ತಾಯಿ. ಕಾವ್ಯಮೀಮಾಂಸೆಯಲ್ಲಿ ಅದಕ್ಕೆ ಬೇರೆ ಅಧ್ಯಾಯವೇ ಇದೆ, ಅದನ್ನು ದೋಷವೆನ್ನುತ್ತಾರೆ. ಆ ದೋಷ ನನ್ನದು.