ಹಾಲಿಗೆ ದಿನಕ್ಕೆರಡು ಸಲ ಪರೀಕ್ಷೆ, ಪಶು ಆಸ್ಪತ್ರೆಗೆ ಯಾವಾಗ?

ಹಾಲು ಉತ್ಪಾದಕ ಅಕ್ಕತಂಗಿಯರೇ,

ಬೆಳಿಗ್ಗೆ, ಸಂಜೆ ನೀವು ಸಂಘಕ್ಕೆ ಹಾಲು ತಂದಾಗ ನಿಮ್ಮೆದುರೇ ಅಳೆಯುತ್ತಾರೆ, ಲ್ಯಾಕ್ಟೋಮೀಟರ್ ಬಿಡುತ್ತಾರೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ಚೀಟಿ ಕೊಡುತ್ತಾರೆ. ಗುಣಮಟ್ಟ ಸರಿಯಿಲ್ಲದಿದ್ದರೆ ಹಾಲು ವಾಪಸ್. ಇದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಪರೀಕ್ಷೆ ಇರುವುದರಿಂದಲೇ ನಮ್ಮ ಹಾಲಿಗೆ ಪೇಟೆಯಲ್ಲಿ ನಂಬಿಕೆ ಇದೆ ಎಂದು ನಿಮಗೆ ಗೊತ್ತು.

ನಿಮ್ಮ ಹಸು, ಎಮ್ಮೆಗಳಿಗೆ ಔಷಧ ಕೊಡುವ ಪಶು ಆಸ್ಪತ್ರೆಗೂ ತಪಾಸಣೆ ಉಂಟು. ಮೇಲಧಿಕಾರಿಗಳು ಬರುತ್ತಾರೆ, ದಾಸ್ತಾನು ಪುಸ್ತಕ ನೋಡುತ್ತಾರೆ, ಚಿಕಿತ್ಸೆಯ ರಿಜಿಸ್ಟರ್ ನೋಡುತ್ತಾರೆ, ಸಹಿ ಹಾಕಿ ಹೋಗುತ್ತಾರೆ. ಬರುವ ದಿನ ಮೊದಲೇ ಗೊತ್ತಿದ್ದರೆ ಅಂದು ಎಲ್ಲವೂ ಒಪ್ಪವಾಗಿರುತ್ತದೆ. ಪ್ರಶ್ನೆ ಇರುವುದು ಉಳಿದ ದಿನಗಳದ್ದು. ಪಶುವೈದ್ಯಾಧಿಕಾರಿಯಾಗಿ ನನ್ನ ಅಭಿಪ್ರಾಯ ಇಷ್ಟೇ: ಆನವಟ್ಟಿಯಂಥ ಊರಿನ ಆಸ್ಪತ್ರೆಯ ಸುರಕ್ಷತೆಯನ್ನು ಅಪರೂಪಕ್ಕೆ ಬರುವ ಜೀಪಿಗೆ ಬಿಟ್ಟರೆ ಸಾಲದು. ಅಲ್ಲಿಗೆ ದನ ಹೊಡೆದುಕೊಂಡು ಬರುವ ನೀವೂ ನೋಡಬೇಕು, ಕೇಳಬೇಕು. ಏನನ್ನು ನೋಡಬೇಕು ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಲಸಿಕೆಯ ಫ್ರಿಜ್. ಕಾಲುಬಾಯಿ ಜ್ವರದ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಬಿಸಿಯಾದರೆ ಶಕ್ತಿ ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟ ಲಸಿಕೆಯನ್ನು ಹಾಕಿದರೂ ಕಿವಿಯೋಲೆಯ 12 ಅಂಕಿಯ ಸಂಖ್ಯೆಯ ಮುಂದೆ ‘ಹಾಕಲಾಗಿದೆ’ ಎಂದೇ ದಾಖಲಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಹೊಸದೇನಲ್ಲ. ಆದ್ದರಿಂದ ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಇದೆಯೇ, ದಿನಕ್ಕೆರಡು ಸಲ ತಾಪಮಾನ ಬರೆದಿಡುತ್ತಾರೆಯೇ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ಕೇಳಿ. ಮನೆ ಬಾಗಿಲಿಗೆ ಲಸಿಕೆ ತಂದವರ ಡಬ್ಬಿಯಲ್ಲಿ ಐಸ್ ಇದೆಯೇ ಎಂದು ಇಣುಕಿ ನೋಡಿದರೆ ತಪ್ಪೇನೂ ಇಲ್ಲ.

ನಮ್ಮ ತಾಲ್ಲೂಕಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದಕ್ಕೆ ದಶಕಗಳ ಕಾಲ ಜನರಿಗೆ ಹಾಕುತ್ತಿದ್ದ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಎಷ್ಟು ಜನ ಚುಚ್ಚಿಸಿಕೊಂಡರು ಎನ್ನುವ ಲೆಕ್ಕ ಬೇರೆ, ಎಷ್ಟು ಜನರಿಗೆ ರಕ್ಷಣೆ ಸಿಕ್ಕಿತು ಎನ್ನುವ ಲೆಕ್ಕ ಬೇರೆ. ದನಗಳ ಲಸಿಕೆಗೂ ಇದೇ ಮಾತು.

ಎರಡನೆಯದು ಸೂಜಿ. ಒಂದು ದನಕ್ಕೆ ಚುಚ್ಚಿದ ಸೂಜಿಯನ್ನೇ ಇನ್ನೊಂದಕ್ಕೆ ಚುಚ್ಚಿದರೆ ಅನಾಪ್ಲಾಸ್ಮಾದಂಥ ರಕ್ತದ ಕಾಯಿಲೆಗಳು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುತ್ತವೆ. ಪ್ರತಿ ದನಕ್ಕೂ ಹೊಸ ಸೂಜಿ ಬೇಕು. ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ ಎನ್ನುವುದೂ ಅಷ್ಟೇ ಮುಖ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಮನುಷ್ಯರ ಆಸ್ಪತ್ರೆಗಳಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅವು ಪಶುವೈದ್ಯ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಸೂಜಿ, ಬ್ಲೇಡುಗಳು ಚುಚ್ಚಿ ಹೊರಬರದಂಥ ಬಿಳಿ ಡಬ್ಬಿಗೆ ಹೋಗಬೇಕು. ಪ್ಲಾಸ್ಟಿಕ್ಕಿಗೆ ಕೆಂಪು ಚೀಲ, ಗಾಜಿನ ಬಾಟಲಿಗೆ ನೀಲಿ ಗುರುತಿನ ಡಬ್ಬಿ. ಮಾಸು, ರಕ್ತದ ಹತ್ತಿಯಂಥವು ಹಳದಿ ಚೀಲಕ್ಕೆ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಇರಬೇಕು.

ನಿಮ್ಮ ಕೊಟ್ಟಿಗೆಯಲ್ಲಿ ಚಿಕಿತ್ಸೆ ನಡೆದಾಗಲೂ ಸೂಜಿಯನ್ನು ವಾಪಸ್ ಒಯ್ಯುತ್ತಾರೆಯೇ ನೋಡಿ. ಸಗಣಿ ಗುಂಡಿಗೆ ಬಿದ್ದ ಸೂಜಿ ಗೊಬ್ಬರದ ಜೊತೆ ಗದ್ದೆಗೆ ಹೋಗುತ್ತದೆ. ನಾಟಿ ಹೊತ್ತಿನಲ್ಲಿ ಅದು ಸಿಗುವುದು ಕೆಸರಿಗಿಳಿದ ನಿಮ್ಮ ಪಾದಕ್ಕೆ.

ಮೂರನೆಯದು ಕೈಗವಸು. ಕಂದು ರೋಗ ಬಂದ ಹಸು ಕಂದು ಹಾಕಿದಾಗ ಸತ್ತ ಕರು, ಮಾಸು, ಸ್ರಾವ ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಅದನ್ನು ಬರಿಗೈಯಲ್ಲಿ ತೆಗೆದು ಹಾಕುವವರು ಹೆಚ್ಚಾಗಿ ಮನೆಯ ಹೆಂಗಸರೇ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ತಿಂಗಳುಗಟ್ಟಲೆ ಕೀಲುನೋವು ಮನುಷ್ಯರಲ್ಲಿ ಇದರ ಲಕ್ಷಣ. ಹಾಗಾಗಿ ಜ್ವರಕ್ಕೆ ಡಾಕ್ಟರ ಹತ್ತಿರ ಹೋದಾಗ ‘ನಮ್ಮನೆ ಹಸು ಕಂದು ಹಾಕಿತ್ತು’ ಎಂದು ಹೇಳಲು ಮರೆಯಬೇಡಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಕಂದು ರೋಗದ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಕರು ಹಿಡಿದವರ ಕೈಗೆ ಆ ಸೂಜಿ ತಾಗಿದರೆ ಅವರಿಗೂ ಸೋಂಕು ತಗಲಬಹುದು. ಆಸ್ಪತ್ರೆಯಲ್ಲಿ ಕೈಗವಸು ದಾಸ್ತಾನು ಇದೆಯೇ ಎಂಬುದು ತಪಾಸಣೆಯ ಮೊದಲ ಸಾಲಿನಲ್ಲಿ ಇರಬೇಕಾದ ಪ್ರಶ್ನೆ.

ನಾಲ್ಕನೆಯದು ಔಷಧದ ಲೇಬಲ್ಲು. ಅವಧಿ ಮುಗಿದಿದೆಯೇ ನೋಡಿ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಹಾಲು ಹಾಕಬಾರದು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಔಷಧಕ್ಕೆ ಇಂತಿಷ್ಟೇ ದಿನ ಎಂದು ಗೊತ್ತುಪಡಿಸಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು 2012ರಿಂದ ಕಾನೂನೇ ಹೇಳುತ್ತದೆ. ಅಷ್ಟು ದಿನ ಹಾಲು ಹಾಕದಿದ್ದರೆ ಬಟವಾಡೆಯಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂಬುದು ನನಗೂ ಗೊತ್ತು. ಆದರೆ ಒಂದು ಕ್ಯಾನಿನ ಹಾಲು ಇಡೀ ಊರಿನ ಹಾಲಿಗೆ ಸೇರುತ್ತದೆ.

‘ಹೀಗೆಲ್ಲ ಕೇಳಿದರೆ ಡಾಕ್ಟರಿಗೆ ಸಿಟ್ಟು ಬಂದು, ರಾತ್ರಿ ಕರು ಅಡ್ಡ ಸಿಕ್ಕಿಕೊಂಡಾಗ ಬರದಿದ್ದರೆ?’ ಎಂಬ ಅಂಜಿಕೆ ನಿಮ್ಮಲ್ಲಿದೆ. ಅದು ಸುಳ್ಳು ಅಂಜಿಕೆಯಲ್ಲ. ಅದಕ್ಕೇ ಒಬ್ಬರೇ ಕೇಳಬೇಡಿ, ಸಂಘವಾಗಿ ಕೇಳಿ. ನನ್ನ ಸಲಹೆ ಹೀಗಿದೆ: ಆಸ್ಪತ್ರೆಯ ತಪಾಸಣೆ ನಡೆಯುವ ದಿನ ಸುತ್ತಲಿನ ಸಂಘಗಳಿಂದ ಇಬ್ಬರು ಮಹಿಳಾ ಸದಸ್ಯರು ಜೊತೆಗಿರಲಿ. ಫ್ರಿಜ್ಜು, ಸೂಜಿ ಡಬ್ಬಿ, ಕೈಗವಸು, ಔಷಧದ ಅವಧಿ, ಈ ನಾಲ್ಕನ್ನು ಕಣ್ಣಾರೆ ನೋಡಲಿ. ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಫಲಕಕ್ಕೆ ಅಂಟಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸಂಘದ ಸಭೆಯಲ್ಲಿ ಒಂದು ಠರಾವು ಮಾಡಿ, ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ ಒಂದು ಪತ್ರ ಕೊಟ್ಟು ಕೇಳಬಹುದು.

ಕೊರತೆ ಕಂಡರೆ ಎಲ್ಲವನ್ನೂ ಅಲ್ಲಿರುವ ಡಾಕ್ಟರ ತಲೆಗೆ ಕಟ್ಟಬೇಡಿ. ಇನ್ವರ್ಟರ್ ಕೊಡದೆ ‘ಫ್ರಿಜ್ ಸರಿಯಿಲ್ಲ’ ಎಂದು ಬರೆದು ಹೋಗುವ ತಪಾಸಣೆಯಿಂದ ಯಾರಿಗೂ ಪ್ರಯೋಜನವಿಲ್ಲ. ಇರುವ ಒಬ್ಬ ವೈದ್ಯರು ಹತ್ತಾರು ಹಳ್ಳಿ ಸುತ್ತುವಾಗ ರಿಜಿಸ್ಟರ್ ಬರೆಯಲು ಕೈ ಸಾಲುವುದಿಲ್ಲ. ಹಾಳೆಯಲ್ಲಿ ಅದನ್ನೂ ಬರೆಯಿರಿ. ಇನ್ವರ್ಟರ್ ಬೇಕು, ಸಿಬ್ಬಂದಿ ಬೇಕು ಎಂದು ನಾವು ಕೇಳಿದರೆ ಕಡತದಲ್ಲಿ ಉಳಿಯಬಹುದು. ನೂರು ಜನ ಹಾಲು ಹಾಕುವವರು ಕೇಳಿದರೆ ಹಾಗೆ ಬಿಡಲು ಆಗುವುದಿಲ್ಲ.

ಜೊತೆಗೆ ನಿಮ್ಮ ಕೊಟ್ಟಿಗೆಯ ಗೋಡೆಗೂಡನ್ನೂ ಒಮ್ಮೆ ನೋಡಿ. ಕಳೆದ ವರ್ಷ ಉಳಿದ ಅರ್ಧ ಬಾಟಲಿ ಇಂಜೆಕ್ಷನ್, ತುಕ್ಕು ಹಿಡಿದ ಸೂಜಿ ಅಲ್ಲಿದ್ದರೆ ಮುಂದಿನ ಸಲ ಬರುವಾಗ ಭದ್ರವಾದ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ತಂದುಕೊಡಿ. ಅದನ್ನು ಯಾವ ಡಬ್ಬಿಗೆ ಹಾಕುತ್ತೀರಿ ಎಂದು ಅಲ್ಲೇ ನಿಂತು ಕೇಳಿ.