ಊರಿಗೆ ಮರಳುವವರೂ ಊರಿನ ನುಡಿಯೂ

ಪರದೇಶಕ್ಕೆ ಹೋದವನು ಊರಿಗೆ ಮರಳುವುದೆಂದರೆ ವಿಮಾನದಿಂದ ಇಳಿಯುವುದಷ್ಟೇ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ನಾವು ಹಾಗೆ ತಿಳಿದಿಲ್ಲ. ಬಜ್ಪೆಯಲ್ಲಿಯೋ, ೨೦೧೮ರಿಂದೀಚೆಗೆ ಕಣ್ಣೂರಿನಲ್ಲಿಯೋ ಇಳಿದು, ತಲಪಾಡಿಯನ್ನೋ ಚಂದ್ರಗಿರಿ ಹೊಳೆಯನ್ನೋ ದಾಟಿ ಮನೆಯಂಗಳವನ್ನು ತಲಪುವುದು ದೊಡ್ಡ ಮಾತಲ್ಲ. ಆ ಮನೆಯ ಮಗು ಊರಿನ ನುಡಿಯಲ್ಲಿ ಓದಲಾರದೆ, ಬರೆಯಲಾರದೆ, ನೆರೆಮನೆಯ ಮಕ್ಕಳು ಹೋಗುವ ಶಾಲೆಯ ಬಾಗಿಲನ್ನೇ ಕಾಣದೆ ಬೆಳೆದರೆ, ಆ ಕುಟುಂಬವು ಮರಳಿ ಬಂದಿತೆಂದು ಹೇಳಲು ನಮಗೆ ಮನಸ್ಸೊಪ್ಪದು. ಪರದೇಶದ ಬಾಡಿಗೆಮನೆಯಿಂದ ಊರಿನ ಸ್ವಂತಮನೆಗೆ ಬಿಡಾರ ಬದಲಾಯಿತು, ಅಷ್ಟೆ.

ಕಾಸರಗೋಡಿನ ಮಾತನ್ನೇ ತೆಗೆದುಕೊಳ್ಳೋಣ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಮೊದಲಾದ ಕಡೆಗಳಿಂದ ಕೊಲ್ಲಿಯ ನಾಡುಗಳಿಗೆ ದುಡಿಯಲು ಹೋದವರು ಅಸಂಖ್ಯ. ಮೊದಲು ಮುಂಬಯಿಗೆ ಹೋಗಿ ಅಲ್ಲಿಂದ ಹಡಗು ಹತ್ತಿದರು, ಅನಂತರ ವಿಮಾನವೇರಿದರು. ಅವರ ಬೆವರಿನಿಂದ ಈ ನಾಡಿನ ಎಷ್ಟೋ ಮುಳಿಹುಲ್ಲಿನ ಮಾಡುಗಳು ತಾರಸಿಗಳಾದುವು, ಎಷ್ಟೋ ತಂಗಿಯಂದಿರ ಮದುವೆಗಳಾದುವು. ಅದನ್ನು ಹಳಿಯುವ ಕೃತಘ್ನತೆ ನಮಗಿಲ್ಲ. ಆದರೆ ಅವರೆಲ್ಲರೂ ಬಲ್ಲ ಸತ್ಯವೊಂದಿದೆ: ಆ ನಾಡುಗಳು ಪರದೇಶದ ದುಡಿಮೆಗಾರನನ್ನು ಸಾಮಾನ್ಯವಾಗಿ ತಮ್ಮ ಪೌರನನ್ನಾಗಿ ಮಾಡಿಕೊಳ್ಳುವುದಿಲ್ಲ. ಉದ್ಯೋಗವಿರುವ ತನಕ ಇರವಿನ ಪರವಾನಗಿ. ಉದ್ಯೋಗ ಮುಗಿದರೆ ಊರ ದಾರಿ. ೧೯೯೦ರ ಆಗಸ್ಟಿನಲ್ಲಿ ಕುವೈಟಿನ ಮೇಲೆ ದಂಡು ಬಿದ್ದಾಗ ಒಂದು ಲಕ್ಷಕ್ಕೂ ಮಿಕ್ಕಿ ಭಾರತೀಯರು ಉಟ್ಟ ಬಟ್ಟೆಯಲ್ಲಿ ಅಮ್ಮಾನಿನ ಮಾರ್ಗವಾಗಿ ಮರಳಬೇಕಾಯಿತು. ೨೦೧೭ರ ಜುಲೈಯಲ್ಲಿ ಸೌದಿ ಅರೇಬಿಯವು ಪರದೇಶದ ನೌಕರರ ಮಡದಿಮಕ್ಕಳ ಮೇಲೆ ತಲೆಯೊಂದಕ್ಕೆ ತಿಂಗಳಿಗೆ ೧೦೦ ರಿಯಾಲಿನ ಶುಲ್ಕವನ್ನು ವಿಧಿಸಿ, ಅದನ್ನು ವರ್ಷವರ್ಷವೂ ಏರಿಸಿ, ೨೦೨೦ಕ್ಕೆ ೪೦೦ ರಿಯಾಲಿಗೆ ತಂದಿತು. ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳುಹಿಸಿದರು. ೨೦೨೦ರಲ್ಲಿ ಕೊರೋನಾ ಮಾರಿ ಬಂದಾಗ ಸರಕಾರವೇ ವಿಮಾನಗಳನ್ನು ಕಳುಹಿಸಿ ಜನರನ್ನು ಕರೆತರಬೇಕಾಯಿತು. ಇಷ್ಟಾದ ಮೇಲೂ ಮರಳುವುದು ಆಕಸ್ಮಿಕವೆಂದು ಯಾರು ಹೇಳಬಲ್ಲರು? ಹೋದ ದಿನವೇ ಹಣೆಯಲ್ಲಿ ಬರೆದಿಟ್ಟ ಮಾತು ಅದು.

ಬರೆದಿಟ್ಟ ಮಾತಿಗೆ ತಕ್ಕ ಸಿದ್ಧತೆಯೂ ನಡೆಯುತ್ತದೆ. ಮರಳಲು ಎರಡು ವರ್ಷ ಇರುವಾಗಲೇ ಮನೆಯ ಅಡಿಪಾಯ. ಒಂದು ವರ್ಷ ಇರುವಾಗ ತೋಟಕ್ಕೆ ಕೊಳವೆಬಾವಿ. ಆರು ತಿಂಗಳಿರುವಾಗ ಬೇಂಕಿನ ಠೇವಣಿ, ಚಿನ್ನ, ಸಾಮಾನು ಕಳುಹಿಸುವ ಲೆಕ್ಕ. ಕಡೆಯ ತಿಂಗಳಲ್ಲಿ ಮಗುವಿನ ವರ್ಗಾವಣೆಯ ಪತ್ರ, ಅದಕ್ಕೆ ಬೇಕಾದ ಮೊಹರು. ಮರಳಿದವನು ಸ್ವಂತ ಉದ್ಯೋಗ ಹೂಡುವುದಾದರೆ ಕೇರಳ ಸರಕಾರದ ಸಾಲಯೋಜನೆಯೂ ಇದೆ. ಅನಿವಾಸಿಗಳಿಗಾಗಿಯೇ ೧೯೯೬ರಲ್ಲಿ ಅದು ಒಂದು ಇಲಾಖೆಯನ್ನು ತೆರೆದಿದೆ. ಎಲ್ಲವೂ ಸರಿ. ಆದರೆ ಮಗುವಿನ ನುಡಿಗೆ ಏನು ಸಿದ್ಧತೆ ಮಾಡಿದಿರಿ ಎಂದು ಕೇಳಿದರೆ ಉತ್ತರ ಒಂದೇ: "ಹೇಗೂ ಇಂಗ್ಲಿಷ್ ಶಾಲೆ ಇದೆಯಲ್ಲ!" ಹೀಗೆ ಹೇಳುವವರು ಸಾಮಾನ್ಯವಾಗಿ ನಾಲ್ಕು ಕಾರಣಗಳನ್ನು ಕೊಡುತ್ತಾರೆ. ಅವನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು, "ಅಲ್ಲಿ ಇಂಗ್ಲಿಷಿನಲ್ಲಿ ಓದಿದ ಮಗು ಕನ್ನಡ ಶಾಲೆಯಲ್ಲಿ ಕಷ್ಟಪಡುವುದು" ಎಂಬುದು. ದುಬೈಯಲ್ಲಿಯೋ ಅಬುಧಾಬಿಯಲ್ಲಿಯೋ ಭಾರತೀಯ ಶಾಲೆಗೆ ಹೋದ ಮಗು ಇಂಗ್ಲಿಷನ್ನು ಎಡದಿಂದ ಬಲಕ್ಕೆ ಬರೆಯಲು ಕಲಿತಿದೆ. ಅರಬ್ಬಿಯನ್ನು ಬಲದಿಂದ ಎಡಕ್ಕೆ ಬರೆಯಲು ಕಲಿತಿದೆ. ಹಿಂದಿಯನ್ನು ತಲೆಗೆರೆ ಎಳೆದು ಬರೆಯಲು ಕಲಿತಿದೆ. ಮೂರು ಲಿಪಿಗಳನ್ನು ಸಾಧಿಸಿದ ಮಗುವಿಗೆ ನಾಲ್ಕನೆಯದು, ಅದೂ ತನ್ನ ಮನೆಯ ನುಡಿಯದು, ಬೆಟ್ಟವಾಗುವುದು ಹೇಗೆ? ಹಿಂದಿಯ ವರ್ಣಮಾಲೆ ಬಲ್ಲ ಮಗುವಿಗೆ ಕನ್ನಡದ ವರ್ಣಮಾಲೆಯ ಕ್ರಮ ಬಾಯಿಗೆ ಬಂದಿರುತ್ತದೆ. ಕ ಖ ಗ ಘ ಎಂಬ ಸಾಲು ಎರಡರಲ್ಲಿಯೂ ಒಂದೇ. ಅಕ್ಷರದ ರೂಪ ಹೊಸದು, ಸ್ವರಗಳಲ್ಲಿ ಹ್ರಸ್ವವಾದ ಎ ಒ ಹೊಸತು, ಳಕಾರ ಹೊಸತು, ಒತ್ತಕ್ಷರಗಳಿಗೆ ತುಸು ಹೆಚ್ಚಿನ ಅಭ್ಯಾಸ ಬೇಕು. ನಲವತ್ತೊಂಬತ್ತು ಅಕ್ಷರ, ಕಾಗುಣಿತ, ಒತ್ತು: ಇಷ್ಟೇ ದಾರಿ. ಬರೆದಂತೆಯೇ ಬಹುಮಟ್ಟಿಗೆ ಓದುವ ಲಿಪಿ ನಮ್ಮದು. ಇಂಗ್ಲಿಷಿನಂತೆ ಬರೆಯುವುದೊಂದು, ಓದುವುದೊಂದು ಎಂಬ ಗೋಜು ಅದರಲ್ಲಿಲ್ಲ. ಕಷ್ಟವಿರುವುದು ಮಗುವಿನ ತಲೆಯಲ್ಲಲ್ಲ, ಹಿರಿಯರ ಮನಸ್ಸಿನಲ್ಲಿ.

ಎರಡನೆಯದು, "ನಮ್ಮ ಮನೆಮಾತು ತುಳು" ಅಥವಾ "ಕೊಂಕಣಿ", "ಮರಾಠಿ", "ನಮಗೆ ಕನ್ನಡದ ಹಂಗೇಕೆ?" ಎಂಬುದು. ಕಾಸರಗೋಡಿನ ಇತಿಹಾಸವೇ ಇದಕ್ಕೆ ಉತ್ತರ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ಕವಿಗಳಾದರು. ಒಬ್ಬರು ರಾಷ್ಟ್ರಕವಿಯೆನಿಸಿದರು, ಇನ್ನೊಬ್ಬರು ಇದೇ ನೆಲದಲ್ಲಿ ಕನ್ನಡದ ಮಕ್ಕಳಿಗೆ ಪಾಠ ಹೇಳಿ ನೂರು ವರ್ಷ ಬಾಳಿದರು. ಒಲೆಯ ಬಳಿಯ ಮಾತು ಹಲವು, ಹಲಗೆಯ ಮೇಲಿನ ಅಕ್ಷರ ಕನ್ನಡ ಎಂಬುದು ಈ ನಾಡಿನ ಹಳೆಯ ಒಡಂಬಡಿಕೆ. ಒಲೆಯ ಬಳಿಯ ಮಾತಿಗೆ ಅದು ಎಂದೂ ಅಡ್ಡಿಯಾಗಿಲ್ಲ. ಕನ್ನಡವನ್ನು ಬಿಟ್ಟು ಇಂಗ್ಲಿಷಿಗೆ ಹೋದ ಮನೆಗಳಲ್ಲಿ ತುಳುವು ಉಳಿಯಿತೇ ಎಂದು ಈ ವಾದಿಗಳು ತಮ್ಮ ಮಕ್ಕಳನ್ನೇ ಕೇಳಿ ನೋಡಲಿ.

ಮೂರನೆಯದು, "ಕನ್ನಡದಿಂದ ಏನು ಪ್ರಯೋಜನ?" ಎಂಬುದು. ಈ ಪ್ರಶ್ನೆಯನ್ನು ಕೇಳುವ ಮಹನೀಯರಲ್ಲಿ ಎಷ್ಟೋ ಮಂದಿ ಸ್ವತಃ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಓದಿದವರು. ಆ ಓದಿನಿಂದಲೇ ಅವರು ಕಡಲು ದಾಟಿದರು. ಅಲ್ಲಿ ಹೋಗಿ ಇಂಗ್ಲಿಷನ್ನೂ ಅರಬ್ಬಿಯನ್ನೂ ಕಲಿತರು. ಅಂಗಡಿ ನಡೆಸಿದರು, ಲೆಕ್ಕ ಬರೆದರು, ಯಂತ್ರ ತಿರುಗಿಸಿದರು. ತಮ್ಮನ್ನು ಕಡಲು ದಾಟಿಸಿದ ದೋಣಿಯನ್ನು ಮಕ್ಕಳಿಗೆ ತೋರಿಸಿ "ಇದು ತೇಲದು" ಎಂದರೆ ನಂಬುವವರಾರು? ನಾವು ಇಂಗ್ಲಿಷನ್ನು ಹಳಿಯುತ್ತಿಲ್ಲ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷೂ ಒಂದು ಪಾಠವೇ. ಪರದೇಶದಿಂದ ಬಂದ ಮಗು ಅದರಲ್ಲಿ ಸಹಪಾಠಿಗಳಿಗೆ ನೆರವಾಗಬಲ್ಲುದು, ಅವರಿಂದ ಕನ್ನಡದಲ್ಲಿ ನೆರವು ಪಡೆಯಬಲ್ಲುದು. ಇನ್ನು ಲಾಭದ ಭಾಷೆಯೇ ಬೇಕಾದರೆ ಅದರಲ್ಲಿಯೂ ಹೇಳೋಣ. ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ವೃತ್ತಿಶಿಕ್ಷಣದ ಸೀಟುಗಳಿಗೆ ಅರ್ಜಿ ಹಾಕುವ ವಿದ್ಯಾರ್ಥಿಯು ಪ್ರಾಥಮಿಕ ಶಾಲೆಯ ಮಟ್ಟದ ಕನ್ನಡ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕು. ಎಂಟನೆಯ ವಯಸ್ಸಿನಲ್ಲಿ ಕನ್ನಡವನ್ನು ನಿಷ್ಪ್ರಯೋಜಕವೆಂದು ಬಿಡಿಸಿದ ತಂದೆಯೇ ಹದಿನೆಂಟನೆಯ ವಯಸ್ಸಿನಲ್ಲಿ ಮಗನನ್ನು ಕೂರಿಸಿ ಕಾಗುಣಿತ ತಿದ್ದಿಸುವ ಗತಿ ಬಂದರೆ ಆಶ್ಚರ್ಯವಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ನಾಲ್ಕನೆಯದು, "ವರ್ಷದ ನಡುವೆ ಬಂದರೆ ಸೇರಿಸಿಕೊಳ್ಳುವರೋ ಇಲ್ಲವೋ, ಕಾಗದಪತ್ರಗಳು ಬಾರದಿದ್ದರೆ ಏನು ಗತಿ?" ಎಂಬುದು. ಇದು ಅಜ್ಞಾನದ ಮಾತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣದಿಂದಾಗಲಿ, ತಡವಾಗಿ ಬಂದಿತೆಂಬ ಕಾರಣದಿಂದಾಗಲಿ ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಕಲಿಸುವ ಮಾಧ್ಯಮವು ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯೇ ಆಗಿರಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಕೊಲ್ಲಿಯ ಭಾರತೀಯ ಶಾಲೆಗಳ ವರ್ಷವು ಮಾರ್ಚಿಗೆ ಮುಗಿಯುತ್ತದೆ. ಕೇರಳದ ಶಾಲೆಗಳು ಜೂನಿನಲ್ಲಿ ತೆರೆಯುತ್ತವೆ. ನಡುವಣ ಏಪ್ರಿಲ್, ಮೇ ಎರಡು ತಿಂಗಳುಗಳು ಕನ್ನಡದ ಅಕ್ಷರಾಭ್ಯಾಸಕ್ಕೆಂದೇ ದೇವರು ಕೊಟ್ಟ ಬಿಡುವಿನಂತಿವೆ. ಅದನ್ನು ನೆಂಟರಿಷ್ಟರ ಔತಣಗಳಲ್ಲಿ ಕಳೆದು, ಜೂನಿನಲ್ಲಿ "ಮಗುವಿಗೆ ಕನ್ನಡ ಬಾರದು" ಎಂದು ಕೈ ಚೆಲ್ಲುವುದು ನ್ಯಾಯವೇ?

ನಾಲ್ಕು ಕಾರಣಗಳೂ ನಿಲ್ಲದಿದ್ದ ಮೇಲೆ ಉಳಿಯುವುದು ಒಂದೇ, ಅಂತಸ್ತಿನ ಹುಚ್ಚು. ಪರದೇಶಕ್ಕೆ ಹೋಗಿ ಬಂದವನ ಮಗು ಕೂಲಿಯವನ ಮಗುವಿನ ಪಕ್ಕದಲ್ಲಿ ಕುಳಿತರೆ ಮಾನ ಹೋಗುವುದೆಂಬ ಅಂಜಿಕೆ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿಯೇ ಉಳಿದ ನಾಲ್ಕನ್ನು ಮುಂದೊಡ್ಡುತ್ತಾರೆ. ಕೊಲ್ಲಿಯ ಕಾರ್ಮಿಕರ ಬಿಡಾರಗಳಲ್ಲಿ ಒಂದೇ ಕೋಣೆಯಲ್ಲಿ ಹತ್ತು ಊರಿನವರೊಡನೆ ಮಲಗಿ ಎದ್ದವನಿಗೆ ಊರಿನಲ್ಲಿ ಈ ಮೇಲುಕೀಳಿನ ಬುದ್ಧಿ ಎಲ್ಲಿಂದ ಬಂದಿತು?

ಇದರಲ್ಲಿ ಕಳೆದುಹೋಗುತ್ತಿರುವುದು ಏನೆಂಬುದನ್ನು ಉಪಾಧ್ಯಾಯರು ಚೆನ್ನಾಗಿ ಬಲ್ಲರು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು ೩೫೦ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳಿತು. ಮಹಾಜನ ಆಯೋಗವು ೧೯೬೭ರಲ್ಲಿ ಚಂದ್ರಗಿರಿಯ ಉತ್ತರದ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಅಭಿಪ್ರಾಯಪಟ್ಟಿತು. ಆ ಮಾತು ಕಡತದಲ್ಲಿಯೇ ಉಳಿಯಿತು. ನೆಲದ ಹಕ್ಕು ಕಡತದಲ್ಲಿದ್ದರೂ ಶಾಲೆಯ ಹಕ್ಕು ನಮ್ಮ ಕೈಯಲ್ಲಿದೆ. ಆದರೆ ಆ ಹಕ್ಕು ಬದುಕುವುದು ಮಕ್ಕಳ ತಲೆಯೆಣಿಕೆಯಿಂದ. ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಎಣಿಸುವ ತಲೆಗಳ ಮೇಲೆ ತರಗತಿಗಳ ವಿಭಾಗವೂ ಅಧ್ಯಾಪಕರ ಹುದ್ದೆಯೂ ನಿಲ್ಲುತ್ತವೆ. ನಾಲ್ಕು ಮಕ್ಕಳು ಕಡಮೆಯಾದರೆ ಒಂದು ವಿಭಾಗ ಹೋಯಿತು. ವಿಭಾಗ ಹೋದರೆ ಒಬ್ಬ ಕನ್ನಡ ಅಧ್ಯಾಪಕ ಹೋದ. ಹೋದ ಹುದ್ದೆಯನ್ನು ಮರಳಿ ಪಡೆಯುವುದು ಹೋದ ಪ್ರಾಣವನ್ನು ಪಡೆದಂತೆ. ಕನ್ನಡ ಬಾರದವರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ನಾವು ಬೀದಿಗಿಳಿದು ಪ್ರತಿಭಟಿಸುತ್ತೇವೆ; ಅದು ಸರಿಯೇ. ಆದರೆ ಆ ಬೀದಿಯಲ್ಲಿ ಘೋಷಣೆ ಕೂಗುವ ಗೃಹಸ್ಥನ ಮಗು ಅದೇ ಹೊತ್ತಿಗೆ ಇಂಗ್ಲಿಷ್ ಶಾಲೆಯ ಬಸ್ಸಿನಲ್ಲಿ ಹೋಗುತ್ತಿದ್ದರೆ ಆ ಘೋಷಣೆಗೆ ಬೆಲೆಯೆಷ್ಟು?

ನಮ್ಮವರ ಸನ್ಮಾನ ಸಭೆಗಳನ್ನೂ ಇಲ್ಲಿ ನೆನೆಯದಿರಲಾಗದು. ಪರದೇಶದಿಂದ ಬಂದ ದಾನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಕನ್ನಡದ ಕಟ್ಟಾಳು" ಎಂದು ಹೊಗಳುವ ಸಂಘಾಧ್ಯಕ್ಷರು "ಸ್ವಾಮೀ, ತಮ್ಮ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ?" ಎಂಬ ಒಂದು ಪ್ರಶ್ನೆಯನ್ನು ಕೇಳುವ ಧೈರ್ಯ ಮಾಡಲಿ. ಸಭಾಭವನಕ್ಕೆ ಹತ್ತು ಸಾವಿರ ರೂಪಾಯಿ ಕೊಟ್ಟವನಿಗಿಂತ ಕನ್ನಡದ ಒಂದನೆಯ ತರಗತಿಗೆ ಒಂದು ಮಗುವನ್ನು ಕೊಟ್ಟವನು ದೊಡ್ಡ ದಾನಿಯೆಂದು ನಾವು ಭಾವಿಸುತ್ತೇವೆ.

ಟೀಕೆಯಷ್ಟೇ ಸಾಲದು; ಆಗಬೇಕಾದುದನ್ನೂ ಹೇಳಬೇಕು. ಪರದೇಶದಲ್ಲಿರುವ ತಂದೆತಾಯಿಗಳು ಮರಳುವ ದಿನಕ್ಕಾಗಿ ಕಾಯದೆ ಇಂದೇ ಮೊದಲಿಡಲಿ. ಕೇರಳದ ಶಾಲಾಪಠ್ಯಗಳು ಕನ್ನಡದಲ್ಲಿಯೂ ಅಚ್ಚಾಗುತ್ತವೆ. ರಜೆಗೆ ಬಂದಾಗ ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯಲಿ. ಉಪ್ಪಿನಕಾಯಿಗೂ ಹಪ್ಪಳಕ್ಕೂ ಸಿಕ್ಕುವ ಜಾಗ ಪುಸ್ತಕಕ್ಕೂ ಸಿಕ್ಕೀತು. ವಾರಕ್ಕೊಂದು ಕಾಗದವನ್ನು ಮಗುವಿನ ಕೈಯಿಂದಲೇ ಅಜ್ಜನಿಗೋ ಅಜ್ಜಿಗೋ ಕನ್ನಡದಲ್ಲಿ ಬರೆಯಿಸಲಿ, ತಪ್ಪಿದ್ದರೂ ಚಿಂತೆಯಿಲ್ಲ. ದುಬೈಯಲ್ಲಿ ಕನ್ನಡಿಗರು ವಾರದ ರಜೆಯ ದಿನ ಉಚಿತವಾಗಿ ಕನ್ನಡ ಪಾಠಶಾಲೆಯನ್ನು ನಡೆಸುತ್ತ ಬಂದಿದ್ದಾರೆ. ಮರಳುಗಾಡಿನಲ್ಲಿ ಸಾಧ್ಯವಾದುದು ಮನೆಯಲ್ಲಿ ಅಸಾಧ್ಯವೆಂದು ಹೇಳುವವರ ಬಾಯಿಯನ್ನು ಆ ಒಂದು ನಿದರ್ಶನವೇ ಮುಚ್ಚಿಸುತ್ತದೆ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಬೇರೆ. ಪರದೇಶದಿಂದ ಬಂದ ಮಗುವನ್ನು ಕಂಡೊಡನೆ "ಇದು ನಮ್ಮಲ್ಲಿ ಸಾಗದು, ಇಂಗ್ಲಿಷ್ ವಿಭಾಗಕ್ಕೆ ಹಾಕಿ" ಎಂದು ಸಲಹೆ ಕೊಡುವ ಸುಲಭದ ದಾರಿಯನ್ನು ಹಿಡಿಯದಿರಿ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದ್ದಂತೆ ಅದು. ಮೇ ತಿಂಗಳಲ್ಲಿ ದಿನಕ್ಕೊಂದು ಗಂಟೆ, ಜೂನ್ ಜುಲೈಗಳಲ್ಲಿ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ, ಇಷ್ಟನ್ನು ಕೊಡಿರಿ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಮೆ ಬಂದರೆ ತರಗತಿಯೆದುರು ಓದಿ ಹೇಳದಿರಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಪಾಲಿನದೂ ಒಂದಿದೆ. ಹೊಸದಾಗಿ ಬಂದ ಗೆಳೆಯನು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿ ಓದಿದರೆ ನಗಬೇಡಿರಿ. ಮಧ್ಯಾಹ್ನದ ಬಿಡುವಿನಲ್ಲಿ ಅವನನ್ನು ಆಟಕ್ಕೆ ಕರೆಯಿರಿ. ಆಟದಲ್ಲಿ ಕಲಿತ ಕನ್ನಡವನ್ನು ಯಾವ ಪುಸ್ತಕವೂ ಅಷ್ಟು ಬೇಗ ಕಲಿಸದು.

ಮರಳುವವರಿಗೆ ನಾವು ಹೇಳಬೇಕಾದುದಿಷ್ಟೆ. ನೀವು ಕಟ್ಟಿಸಿದ ಮನೆ ನಿಮ್ಮದು, ನೆಟ್ಟ ತೋಟ ನಿಮ್ಮದು. ಅವುಗಳ ದಾಖಲೆಯನ್ನು ಮಗುವಿನ ಹೆಸರಿಗೆ ಬರೆದಿಡುವಿರಿ. ಆ ತೋಟದ ಅಂಚಿನಲ್ಲಿರುವ ಕನ್ನಡ ಶಾಲೆಯೂ ನಿಮ್ಮ ಹಿರಿಯರು ಬಿಟ್ಟುಹೋದ ಆಸ್ತಿಯೇ. ಅದನ್ನು ಮಗುವಿನ ಹೆಸರಿಗೆ ಬರೆಯಲು ನೋಂದಣಿ ಕಚೇರಿಗೆ ಹೋಗಬೇಕಾಗಿಲ್ಲ. ಜೂನ್ ತಿಂಗಳ ಮೊದಲ ದಿನ ಮಗುವಿನ ಕೈ ಹಿಡಿದು ಆ ಶಾಲೆಯ ಮೆಟ್ಟಿಲು ಹತ್ತಿದರೆ ಸಾಕು.