ಜಿಲ್ಲಾ ಪರಿಷತ್ತಿನಿಂದ ಆಡಳಿತಾಧಿಕಾರಿಯವರೆಗೆ

ರಾಜಕಾರಣದಲ್ಲಿ ಅಧಿಕಾರ ಗಳಿಸಿದವರ ಕತೆಗಳು ಬೇಕಾದಷ್ಟಿವೆ. ಕೈಯಲ್ಲಿದ್ದುದನ್ನು ತಾನಾಗಿ ಬಿಟ್ಟುಕೊಟ್ಟ ಮಂತ್ರಿಯನ್ನು ಹುಡುಕಹೊರಟರೆ ಕರ್ನಾಟಕದಲ್ಲಿ ಮೊದಲು ನೆನಪಾಗುವ ಹೆಸರು ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಆದರೆ ಅವರ ದೊಡ್ಡ ಕೆಲಸ ಇನ್ನೊಂದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು, ಅಧಿಕಾರವನ್ನು ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ವಹಿಸುವ 1983ರ ಕಾಯ್ದೆಯನ್ನು ಹಟ ಹಿಡಿದು ತಂದರು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಅದಕ್ಕೀಗ ನಾಲ್ಕು ದಶಕ ತುಂಬುತ್ತ ಬಂದಿದೆ. ಲೆಕ್ಕ ತೆಗೆದು ನೋಡುವ ಸಮಯ.

ಆ ಕಾಯ್ದೆಯ ಧೈರ್ಯ ಇಂದಿನವರಿಗೆ ನಂಬಲು ಕಷ್ಟವಾದೀತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೂತವರು ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಪ್ರಾಥಮಿಕ ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಕೃಷಿ ಇಲಾಖೆಗಳ ಸಿಬ್ಬಂದಿ ಪರಿಷತ್ತಿಗೆ ಉತ್ತರ ಹೇಳಬೇಕಿತ್ತು. 1987ರ ಆ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳನ್ನು ಮೀಸಲಿಡಲಾಗಿತ್ತು. ಸಂವಿಧಾನವೇ ಮೂರನೇ ಒಂದು ಭಾಗ ಎಂದು ಹೇಳುವುದಕ್ಕೆ ಆರು ವರ್ಷ ಮೊದಲು.

ಅದರ ಫಲ ಮೊದಲು ಕಂಡದ್ದು ಶಾಲೆಯಲ್ಲಿ. ಹಳ್ಳಿಗಾಡಿನಲ್ಲಿ ಆಗ ಇದ್ದ ಕಾಯಿಲೆ ಎಲ್ಲರಿಗೂ ಗೊತ್ತಿದ್ದುದೇ. ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿಕೊಂಡ ಮೇಷ್ಟ್ರು ಬಸ್ಸು ಸಿಕ್ಕರೆ ಬರುವುದು, ಇಲ್ಲವಾದರೆ ಇಲ್ಲ. ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರಿಗೆ ಹಾಜರಿ ಪುಸ್ತಕ ಕಾಣುತ್ತಿತ್ತೇ ಹೊರತು ಮೇಷ್ಟ್ರು ಕಾಣುತ್ತಿರಲಿಲ್ಲ. ಮಂಡಲ ಪಂಚಾಯತಿಯ ಸದಸ್ಯ ಅದೇ ಊರಿನವನು, ಶಾಲೆಯ ಮುಂದೆಯೇ ಹೊಲಕ್ಕೆ ಹೋಗುವವನು. ಅವನು ಕೇಳಿದ ಪ್ರಶ್ನೆ ಪರಿಷತ್ತಿನ ಸಭೆಗೆ ಹೋಗುತ್ತಿತ್ತು. ಅಲ್ಲಿ ಉತ್ತರಿಸಬೇಕಾದ ಶಿಕ್ಷಣಾಧಿಕಾರಿ ಎದುರಿಗೇ ಕೂತಿರುತ್ತಿದ್ದರು. ಶಿಕ್ಷಕರು, ವೈದ್ಯರ ಹಾಜರಾತಿ ಸುಧಾರಿಸಿತೆಂದು ಆ ಪ್ರಯೋಗವನ್ನು ಅಧ್ಯಯನ ಮಾಡಿದ ವಿದ್ವಾಂಸರೂ ಬರೆದರು. ಹೊಸ ಪಠ್ಯಕ್ರಮ ಬರಲಿಲ್ಲ, ಸಂಬಳ ದುಪ್ಪಟ್ಟಾಗಲಿಲ್ಲ. ಯಾರು ಯಾರಿಗೆ ಉತ್ತರ ಕೊಡಬೇಕು ಎಂಬ ಒಂದು ಸಂಬಂಧ ಬದಲಾಯಿತು, ಅಷ್ಟೆ.

ಎಲ್ಲವೂ ಚೆಲುವಾಗಿತ್ತು ಎಂದರೆ ಸುಳ್ಳಾದೀತು. ಊರ ಗೌಡರು, ಶಾನುಭೋಗರ ಹಳೆಯ ದರ್ಬಾರು ಎಷ್ಟೋ ಕಡೆ ಹೊಸ ಕುರ್ಚಿ ಏರಿತು. ಗುತ್ತಿಗೆದಾರರ ಹೊಸ ತಳಿಯೂ ಹುಟ್ಟಿಕೊಂಡಿತು. ಶಾಸಕರಿಗಂತೂ ಜಿಲ್ಲೆಯಲ್ಲೊಬ್ಬ ಪ್ರತಿಸ್ಪರ್ಧಿ ಸಿಕ್ಕ ಹಾಗಾಗಿತ್ತು. ಆ ಮತ್ಸರವೇ ಮುಂದೆ ಪಕ್ಷಭೇದವಿಲ್ಲದೆ ಕೆಲಸ ಮಾಡಿತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಬದಲಾಯಿತು. ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಚುನಾವಣೆ ಕರೆಯುವ ಬದಲು ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ದೇಶಕ್ಕೆಲ್ಲ ಮಾದರಿಯಾಗಿದ್ದ ರಾಜ್ಯದಲ್ಲಿ ಮಾದರಿಯೇ ಖಾಲಿ ಬಿದ್ದಿದ್ದಾಗ, 1993ರ ಏಪ್ರಿಲ್ 24ರಂದು, ಪಂಚಾಯಿತಿಗಳಿಗೆ ರಕ್ಷಣೆ ಕೊಡುವ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಅದಕ್ಕೆ ತಕ್ಕಂತೆ ರಾಜ್ಯ ತಂದ ಹೊಸ ಕಾಯ್ದೆಯ ಜಿಲ್ಲಾ ಪಂಚಾಯಿತಿಯಲ್ಲಿ ಅಧ್ಯಕ್ಷಗಿರಿ ಇಪ್ಪತ್ತು ತಿಂಗಳಿಗೆ ಇಳಿಯಿತು. ಕಡತ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಕುರ್ಚಿ ಬಿಡಬೇಕಿತ್ತು. ಅಂಥವರಿಗೆ ಯಾವ ಅಧಿಕಾರಿ ಹೆದರಿಯಾನು? ನಮ್ಮ ಪಕ್ಕದ ಕೇರಳ 1996ರಲ್ಲಿ ಜನಕೀಯ ಯೋಜನೆ ಶುರುಮಾಡಿ, ಯೋಜನಾ ವೆಚ್ಚದ ಮೂರನೇ ಒಂದು ಭಾಗಕ್ಕೂ ಮಿಗಿಲಾದ ಹಣವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು, ನಮ್ಮನ್ನು ಹಿಂದೆ ಹಾಕಿತು.

ಹಾಗಂತ ಶಿಕ್ಷಣ ನಿಂತಲ್ಲೇ ನಿಂತಿತೆ? ಇಲ್ಲ. 1991ರಲ್ಲಿ ಶೇ 56ರಷ್ಟಿದ್ದ ಸಾಕ್ಷರತೆ 2011ಕ್ಕೆ ಶೇ 75 ದಾಟಿತು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಬಂದವು. ಮರುವರ್ಷ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಆರಂಭವಾಯಿತು. ಬೆಂಗಳೂರಿನಿಂದ ಹೊರಟ ಯೋಜನೆಗಳೂ ಊರು ತಲುಪುತ್ತವೆ, ಒಪ್ಪೋಣ. ಬಿಸಿಯೂಟ ಮಕ್ಕಳನ್ನು ಶಾಲೆಗೆ ಕರೆತಂದಷ್ಟು ಯಾವ ಭಾಷಣವೂ ಕರೆತಂದಿಲ್ಲ. ಆದರೆ ಸರಾಸರಿ ಅಂಕಿಯ ಒಳಗೆ ಇಣುಕಿದರೆ ಅದೇ 2011ರಲ್ಲಿ ದಕ್ಷಿಣ ಕನ್ನಡದಲ್ಲಿ ಶೇ 88, ಯಾದಗಿರಿಯಲ್ಲಿ ಶೇ 51. ಇದು ಗೊತ್ತಿರದ ಸಂಗತಿಯೇನೂ ಆಗಿರಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿ, 39 ಅತ್ಯಂತ ಹಿಂದುಳಿದವು ಎಂದು ಹೆಸರು ಹೆಸರಾಗಿ ಹೇಳಿತ್ತು. ಹಣವೂ ಬಂತು, ಆ ಈಶಾನ್ಯ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಕೂಡ ಬಂತು. ಶಿಕ್ಷಕರ ಹುದ್ದೆ ಖಾಲಿ ಬಿದ್ದ ಊರಿನವರ ಕೈಗೆ ಮಾತ್ರ ಕೇಳುವ ಅಧಿಕಾರ ಬರಲಿಲ್ಲ.

ನಾವು ನಾಯಕತ್ವವನ್ನು ಅಳೆಯುವ ರೀತಿಯಲ್ಲೇ ಏನೋ ಎಡವಟ್ಟಿದೆ. ಅಣೆಕಟ್ಟು, ಕಾರ್ಖಾನೆ, ವಿಶ್ವವಿದ್ಯಾಲಯ ಕಟ್ಟಿದ ದಿವಾನರನ್ನು ನೆನೆಯುತ್ತೇವೆ, ನೆನೆಯಬೇಕಾದದ್ದೇ. ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ. ತನ್ನ ಇಲಾಖೆಯನ್ನೇ ಚಿಕ್ಕದು ಮಾಡಿಕೊಂಡವನ ಕೆಲಸಕ್ಕೆ ಉದ್ಘಾಟನಾ ಫಲಕ ಇರುವುದಿಲ್ಲ. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ನಜೀರ್ ಸಾಬರ ಹೆಸರಿದೆ. ಅಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿಯೂ ನಡೆಯುತ್ತದೆ. ಆದರೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ಆದದ್ದು 2016ರಲ್ಲಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಒಂದಾದ ಮೇಲೊಂದು ನೆಪ. ಮುಖ್ಯಮಂತ್ರಿ ಬದಲಾದರು, ಪಕ್ಷ ಬದಲಾಯಿತು, ಆಡಳಿತಾಧಿಕಾರಿಗಳು ಮಾತ್ರ ಕೂತೇ ಇದ್ದರು. ತೊಂಬತ್ತರ ದಶಕದ ಆರಂಭದ ತಪ್ಪನ್ನು ಈ ಸಲ ಸಂವಿಧಾನದ ರಕ್ಷಣೆ ಇರುವಾಗಲೇ ಮಾಡಿದ್ದೇವೆ.

ಕೆಳಗಿನ ಹಂತದಲ್ಲಿ ಜೀವ ಇದೆ ಎಂಬುದನ್ನು ಮರೆಯುವಂತಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಬೀಗ ಹಾಕಿದ್ದ ಎಷ್ಟೋ ಕೋಣೆಗಳು ಅರಿವು ಕೇಂದ್ರಗಳಾದವು. ಮಕ್ಕಳ ಗ್ರಾಮಸಭೆಯಲ್ಲಿ ಏಳನೇ ತರಗತಿಯ ಹುಡುಗಿ ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಳ್ಳುತ್ತಾರೆ, ನಲ್ಲಿ ಹಾಕಿಸುತ್ತಾರೆ. ಗಣಿತದ ಮೇಷ್ಟ್ರು ಯಾಕಿಲ್ಲ ಎಂದು ಅವಳು ಕೇಳಿದರೆ ಅದು ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ, ಮೇಲಕ್ಕೆ ಕಳುಹಿಸಬೇಕು. ಮೇಲೆ ಆ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಬೇಕಾದ ತಾಲ್ಲೂಕು ಪಂಚಾಯಿತಿ ಸದಸ್ಯ, ಜಿಲ್ಲಾ ಪಂಚಾಯಿತಿ ಸದಸ್ಯ ಇಬ್ಬರೂ 2021ರಲ್ಲೇ ಮಾಜಿಗಳಾದರು.